ತವುಡಿನಲ್ಲಿ ಅಡಗಿರುವ ಹೃದಯರಕ್ಷಕ ದ್ರವ್ಯಗಳು

ಗೃಹವಿಜ್ಞಾನದ ತರಗತಿಯಲ್ಲಿ ನಾವು ಒಂದು ಬೊಗಸೆ ತವುಡನ್ನು ಮೇಜಿನ ಮೇಲಿಟ್ಟಾಗ ಒಬ್ಬ ಬಾಲಕಿಯು, "ಅಮ್ಮನವರೇ, ಇದು ಎಮ್ಮೆಯ ಆಹಾರವಲ್ಲವೇ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆಯು ಯೋಗ್ಯವಾದುದೇ. ನಾವು ಅವಳಿಗೆ ಕೊಟ್ಟ ಉತ್ತರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆಯೂ ಇಡುತ್ತೇವೆ.

ಬತ್ತದ ಹೊಟ್ಟನ್ನು ತೆಗೆದ ತರುವಾಯ ಅಕ್ಕಿಯ ಮೈಗಂಟಿದ ಕಂದುಬಣ್ಣದ ಪೊರೆಯೂ ಮೊಳೆಯೂ ಗಿರಣಿಯಲ್ಲಿ ಪುಡಿಯಾಗಿ ಉದುರುವುವು. ಇದೇ ತವುಡು. ಅಕ್ಕಿಯು ಬೆಳ್ಳಗಾದಷ್ಟೂ ಅದರ ಸತ್ವವು ತವುಡಿನ ಪಾಲಾಗುವುದು.

1890ರ ದಶಕದಲ್ಲಿ ಜಾವಾ ದ್ವೀಪದ ಬಟೇವಿಯಾ ನಗರದಲ್ಲಿ ಐಕ್ಮನ್ ಎಂಬ ಡಚ್ ವೈದ್ಯರು, ಪಾಲಿಷ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತವುಡು ತೆಗೆಯದ ಅಕ್ಕಿಯಿಂದ ಚೇತರಿಸಿಕೊಳ್ಳುವುದನ್ನೂ ಕಂಡರು. ಮನುಷ್ಯರಲ್ಲಿ ಇಂತಹ ಬೇನೆಗೆ ಬೆರಿಬೆರಿ ಎಂದು ಹೆಸರು. ಅದರ ಒಂದು ಬಗೆಯಲ್ಲಿ ಕಾಲುಗಳು ಬಾತು, ಹೃದಯವು ಹಿಗ್ಗಿ, ರೋಗಿಯು ಮರಣ ಹೊಂದುವುದೂ ಉಂಟು. 1926ರಲ್ಲಿ ಅದೇ ನಗರದಲ್ಲಿ ಯಾನ್ಸೆನ್, ಡೊನಾತ್ ಎಂಬಿಬ್ಬರು ಈ ಬೇನೆಯನ್ನು ತಡೆಯುವ ಜೀವಸತ್ವವನ್ನು ತವುಡಿನಿಂದಲೇ ಹರಳುಗಳಾಗಿ ಬೇರ್ಪಡಿಸಿದರು. ಅದನ್ನು ಈಗ ಥಯಮಿನ್ ಎನ್ನುವರು. 1929ರಲ್ಲಿ ಐಕ್ಮನ್ನರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ತವುಡಿನ ಎಣ್ಣೆಯಲ್ಲಿ ಒರೈಜನಾಲ್ ಎಂಬ ದ್ರವ್ಯವೂ ಸಸ್ಯಜನ್ಯ ಸ್ಟೆರಾಲುಗಳೂ ಇರುವುವು. ಸ್ಟೆರಾಲುಗಳು ಕರುಳಿನಲ್ಲಿ ಕೊಲೆಸ್ಟರಾಲ್ ಹೀರಲ್ಪಡುವುದನ್ನು ತಗ್ಗಿಸುವುವು. ಈ ಎಣ್ಣೆಯನ್ನು ಬಳಸಿದವರ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಕೆಲಮಟ್ಟಿಗೆ ಇಳಿದುದು ಪರೀಕ್ಷೆಗಳಲ್ಲಿ ಕಂಡುಬಂದಿರುವುದು. ಆದರೆ ಥಯಮಿನ್ ನೀರಿನಲ್ಲಿ ಕರಗತಕ್ಕದ್ದಾದುದರಿಂದ ಎಣ್ಣೆಯಲ್ಲಿ ದೊರೆಯದು. ಕ್ಷಾರದಿಂದ ಶುದ್ಧಿಮಾಡಿದ ಎಣ್ಣೆಯಲ್ಲಿ ಒರೈಜನಾಲೂ ಬಹುಮಟ್ಟಿಗೆ ನಷ್ಟವಾಗುವುದು.

ಹಾಗಾದರೆ ಗೃಹಿಣಿಯು ಏನು ಮಾಡತಕ್ಕದ್ದು? ಗಿರಣಿಯ ತವುಡನ್ನು ತಂದು ಡಬ್ಬದಲ್ಲಿ ತುಂಬಿಡುವುದು ಸಲ್ಲದು. ಅದರಲ್ಲಿರುವ ಕಿಣ್ವದಿಂದ ಎಣ್ಣೆಯಂಶವು ಬೇಗನೆ ಕೆಟ್ಟು ಕಮಟುವಾಸನೆ ಬರುವುದು. ಅದಕ್ಕಿಂತ, ತವುಡನ್ನು ಪೂರ್ತಿಯಾಗಿ ತೆಗೆಯದ ಅಕ್ಕಿಯನ್ನು ಕೊಳ್ಳುವುದು ಮೇಲು. ಕರಾವಳಿಯ ಕುಚ್ಚಲಕ್ಕಿಯೂ ಉತ್ತಮವೇ. ಬತ್ತವನ್ನು ಬೇಯಿಸುವಾಗ ಥಯಮಿನ್ ಕಾಳಿನ ಒಳಕ್ಕೆ ಇಳಿಯುವುದು. ಅಕ್ಕಿಯನ್ನು ಬಹಳ ಸಾರಿ ತೊಳೆಯಬಾರದು, ಗಂಜಿಯನ್ನು ಚೆಲ್ಲಬಾರದು. ಹೃದ್ರೋಗಿಗಳು ಇದನ್ನು ನಂಬಿ ವೈದ್ಯರ ಔಷಧವನ್ನು ಬಿಡಲೇಬಾರದು. ಆಹಾರವು ಔಷಧಕ್ಕೆ ಸಹಾಯವೇ ಹೊರತು ಬದಲಲ್ಲ.

ಆ ಬಾಲಕಿಗೆ ನಾವು ಹೇಳಿದುದು ಇಷ್ಟೇ: "ಎಮ್ಮೆಯು ತನ್ನ ಪಾಲನ್ನು ತಿನ್ನಲಿ, ಮಗಳೇ. ಆದರೆ ಅನ್ನವು ಬೆಳ್ಳಗಿರಲೆಂದು ನಮ್ಮ ಪಾಲನ್ನೂ ಅದಕ್ಕೇ ಹಾಕಿ, ಮನೆಯವರನ್ನು ಬರಿದಾದ ತಟ್ಟೆಯ ಮುಂದೆ ಕೂಡಿಸಬಾರದು."