ಗರಿಷ್ಠ ಮೊತ್ತ ಎಂಬ ಸಣ್ಣ ಸಾಲು

ಸ್ವಯಂಚಾಲಿತ ಪಾವತಿಯಲ್ಲಿ ಗ್ರಾಹಕನ ಬೆರಳಿಗೆ ಒಮ್ಮೆ ಮಾತ್ರ ಕೆಲಸ. ಆ ಬಳಿಕ ತಿಂಗಳು ತಿಂಗಳೂ ಹಣ ತಾನಾಗಿಯೇ ಖಾತೆಯಿಂದ ಕಡಿತವಾಗುತ್ತ ಹೋಗುತ್ತದೆ. ಜನರು ಆಟೊಪೇ ಎಂದು ಕರೆಯುವ ಈ ಏರ್ಪಾಡು ನಿಂತಿರುವುದು ಮ್ಯಾಂಡೇಟ್ ಮೇಲೆ, ಅಂದರೆ ಇಂಥ ಸಂಸ್ಥೆ, ಇಷ್ಟು ಅವಧಿಗೊಮ್ಮೆ, ಇಂತಿಷ್ಟು ಮೊತ್ತದವರೆಗೆ ಹಣ ಪಡೆಯಲು ಅಡ್ಡಿಯಿಲ್ಲ ಎಂದು ಖಾತೆದಾರ ತನ್ನ ಬ್ಯಾಂಕಿಗೆ ಮುಂಚಿತವಾಗಿ ಕೊಟ್ಟಿಡುವ ಅನುಮತಿಯ ಮೇಲೆ. ವಿಮೆಯ ಕಂತು, ಮ್ಯೂಚುವಲ್ ಫಂಡಿನ ಎಸ್‌ಐಪಿ, ವಿದ್ಯುತ್ ಬಿಲ್ಲು ಇವುಗಳ ಮಟ್ಟಿಗೆ ಇದು ನಿಜಕ್ಕೂ ಉಪಕಾರಿ; ಕಂತು ಮರೆತು ಪಾಲಿಸಿ ರದ್ದಾಗುವ ಆತಂಕವನ್ನು ಇದು ಎಷ್ಟೋ ಮನೆಗಳಲ್ಲಿ ನೀಗಿಸಿದೆ. ಆದರೆ ಅದೇ ಅನುಮತಿ ಸಿನಿಮಾ ತೋರಿಸುವ, ಭಜನೆ ಕೇಳಿಸುವ, ಜಾತಕ ಹೇಳುವ, ಮಕ್ಕಳಿಗೆ ಗಣಿತ ಕಲಿಸುವ ಆಪ್‌ಗಳ ಕೈಗೆ ಹೋದಾಗ ಮನೆಯ ಲೆಕ್ಕದಲ್ಲಿ ಹೊಸ ಬಗೆಯ ಸೋರಿಕೆ ಶುರುವಾಗುತ್ತದೆ. ಅದನ್ನು ತಡೆಯುವ ನಿಯಮಗಳು ಕಾಗದದ ಮೇಲೆ ಗಟ್ಟಿಯಾಗಿಯೇ ಇದ್ದು, ಫೋನಿನ ಪರದೆಗೆ ಬರುವಷ್ಟರಲ್ಲಿ ಸೊರಗಿಹೋಗುತ್ತವೆ ಎಂಬುದು ಇಲ್ಲಿನ ವಾದ.

ಭಾರತೀಯ ರಿಸರ್ವ್ ಬ್ಯಾಂಕ್ ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. 2019ರ ಆಗಸ್ಟ್‌ನಲ್ಲಿ ಕಾರ್ಡುಗಳಿಗೆ, 2020ರ ಜನವರಿಯಲ್ಲಿ ಯುಪಿಐಗೆ ಅನ್ವಯಿಸುವಂತೆ ಅದು ಹೊರಡಿಸಿದ ಸೂಚನೆಗಳ ಪ್ರಕಾರ, ಮ್ಯಾಂಡೇಟ್ ಕೊಡುವಾಗ ಒಟಿಪಿ ಅಥವಾ ಪಿನ್‌ನಂಥ ಹೆಚ್ಚುವರಿ ದೃಢೀಕರಣ ಕಡ್ಡಾಯ. ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮುಂಚೆ ಹಣ ಯಾರಿಗೆ, ಎಷ್ಟು, ಯಾವಾಗ, ಯಾತಕ್ಕಾಗಿ ಹೋಗಲಿದೆ ಎಂಬುದನ್ನು ಖಾತೆದಾರನಿಗೆ ತಿಳಿಸಬೇಕು. ಆ ಒಂದು ಕಡಿತವನ್ನಾಗಲಿ ಇಡೀ ಮ್ಯಾಂಡೇಟನ್ನಾಗಲಿ ನಿಲ್ಲಿಸುವ ಅವಕಾಶ ಅವನಿಗಿರಬೇಕು. ಇದಕ್ಕೆಲ್ಲ ಅವನಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ಮತ್ತೆ ಒಟಿಪಿ ಕೇಳದೆ ಕಡಿತವಾಗಬಹುದಾದ ಮೊತ್ತದ ಮಿತಿ ಮೊದಲಿಗೆ 2,000 ರೂಪಾಯಿ ಇತ್ತು, 2021ರ ಹೊತ್ತಿಗೆ 5,000 ಆಯಿತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು; ವಿಮೆ, ಮ್ಯೂಚುವಲ್ ಫಂಡ್ ಮತ್ತು ಕ್ರೆಡಿಟ್ ಕಾರ್ಡ್ ಬಿಲ್ಲುಗಳಿಗೆ 2023ರ ಡಿಸೆಂಬರ್‌ನಲ್ಲಿ ಒಂದು ಲಕ್ಷದವರೆಗೆ ಅವಕಾಶವಾಯಿತು. ಕಾರ್ಡುಗಳ ನಿಯಮ ಪೂರ್ತಿಯಾಗಿ ಜಾರಿಗೆ ಬಂದದ್ದು 2021ರ ಅಕ್ಟೋಬರ್ 1ರಿಂದ. ಹಳೆಯ ಸೂಚನೆಗಳ ಮೇಲೆ ನಡೆಯುತ್ತಿದ್ದ ಎಷ್ಟೋ ಪಾವತಿಗಳು ಆಗ ಏಕಾಏಕಿ ನಿಂತವು, ಗ್ರಾಹಕರೂ ಕಂಪನಿಗಳೂ ಒಟ್ಟಿಗೇ ರಿಸರ್ವ್ ಬ್ಯಾಂಕನ್ನು ಬೈದರು. ಆ ಸಿಟ್ಟು ಅರ್ಥವಾಗುವಂಥದ್ದಾದರೂ ಅದರಿಂದ ಒಂದು ಒಳ್ಳೆಯದೂ ಆಯಿತೆನ್ನಬೇಕು, ಏಕೆಂದರೆ ನಿಂತುಹೋದವುಗಳಲ್ಲಿ ಯಾವುದು ನಿಜವಾಗಿ ಬೇಕು ಎಂದು ಪ್ರತಿಯೊಬ್ಬರೂ ಯೋಚಿಸಬೇಕಾಯಿತು. ಈ ಅಂಕಣಕಾರನ ಮನೆಯಲ್ಲಿ ಮತ್ತೆ ಚಾಲೂ ಮಾಡಿದ ಚಂದಾಗಳಿಗಿಂತ ಹಾಗೆಯೇ ಕೈಬಿಟ್ಟವೇ ಹೆಚ್ಚು.

ಹೀಗಿದ್ದೂ ಸೋರಿಕೆ ನಿಂತಿಲ್ಲವಾದರೆ ಅದಕ್ಕೆ ಕಾರಣವನ್ನು ಒಪ್ಪಿಗೆ ಪಡೆಯುವ ಪರದೆಯಲ್ಲಿಯೇ ಹುಡುಕಬೇಕು. ಒಂದು ರೂಪಾಯಿಗೆ ಏಳು ದಿನ ಎಂಬ ಜಾಹೀರಾತನ್ನು ಒತ್ತಿದರೆ ಫೋನಿನಲ್ಲಿರುವ ಯುಪಿಐ ಆಪ್ ತೆರೆದುಕೊಳ್ಳುತ್ತದೆ. ಮೇಲ್ಗಡೆ ದಪ್ಪ ಅಂಕಿಯಲ್ಲಿ ಒಂದು ರೂಪಾಯಿ ಕಾಣುತ್ತದೆ. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಗರಿಷ್ಠ ಮೊತ್ತ, ಆವರ್ತನ, ಕೊನೆಯ ದಿನಾಂಕ ಎಂಬ ಸಾಲುಗಳಿರುತ್ತವೆ. ಈ ಅಂಕಣಕಾರ ಪಿನ್ ಒತ್ತುವ ಮುನ್ನ ನಿಧಾನಿಸಿ ಓದಿದ ಅಂಥ ಒಂದು ಪರದೆಯಲ್ಲಿ ತಿಂಗಳಿಗೆ 199 ರೂಪಾಯಿಯ ಚಂದಾಕ್ಕೆ ಕೇಳಲಾಗಿದ್ದ ಗರಿಷ್ಠ ಮೊತ್ತ 1,999 ರೂಪಾಯಿ. ಆವರ್ತನದ ಮುಂದೆ ತಿಂಗಳು ಎಂಬ ಮಾತಿನ ಬದಲು ಬೇಡಿಕೆ ಬಂದಾಗಲೆಲ್ಲ ಎಂಬರ್ಥದ ಇಂಗ್ಲಿಷ್ ನುಡಿಗಟ್ಟು. ಕೊನೆಯ ದಿನಾಂಕವಂತೂ ದಶಕಗಳಾಚೆಗಿತ್ತು, ಆಪ್‌ನಲ್ಲಿ ಗಣಿತ ಕಲಿಯಬೇಕಿದ್ದ ಹುಡುಗ ಅಷ್ಟರಲ್ಲಿ ತನ್ನ ಮಕ್ಕಳಿಗೆ ಗಣಿತ ಕಲಿಸುವ ವಯಸ್ಸಿಗೆ ಬಂದಿರುತ್ತಾನೆ. ಮೊತ್ತ ಬದಲಾಗುತ್ತಿರುವ ಮ್ಯಾಂಡೇಟುಗಳಲ್ಲಿ ಗರಿಷ್ಠ ಮೊತ್ತವನ್ನು ಸ್ಪಷ್ಟವಾಗಿ ನಮೂದಿಸಬೇಕಾದವನು ಗ್ರಾಹಕ ಎಂದು 2019ರ ಸೂಚನೆ ಹೇಳುತ್ತದೆ. ಆದರೆ ಈ ಪರದೆಯಲ್ಲಿ ಆ ಅಂಕಿಯನ್ನು ಮಾರುವವನೇ ತುಂಬಿಟ್ಟಿದ್ದ, ತಿದ್ದಲು ಎಲ್ಲಿಯೂ ಅವಕಾಶವಿರಲಿಲ್ಲ. ಒಪ್ಪಬೇಕು, ಇಲ್ಲವೇ ಹಿಂದಿರುಗಬೇಕು. ನಿಯಮ ಗ್ರಾಹಕನಿಗೆ ಕೊಟ್ಟ ಅಧಿಕಾರವನ್ನು ಪರದೆಯ ವಿನ್ಯಾಸ ಸದ್ದಿಲ್ಲದೆ ಮಾರಾಟಗಾರನಿಗೆ ವರ್ಗಾಯಿಸುವುದು ಹೀಗೆ. ಸಂತೆಯಲ್ಲಿ ಒಂದು ಕಟ್ಟು ಸೊಪ್ಪು ಕೊಂಡವನಿಂದ ಸಹಿ ಹಾಕಿದ ಖಾಲಿ ಚೆಕ್ಕು ಕೇಳುವ ಅಂಗಡಿಯವನನ್ನು ಯಾರೂ ಸಹಿಸುವುದಿಲ್ಲ.

ಎರಡನೆಯ ಸೊರಗುವಿಕೆ ಭಾಷೆಗೆ ಸೇರಿದ್ದು. ಕಡಿತಕ್ಕೆ ಮುಂಚಿನ ಸೂಚನೆ ಸ್ಪಷ್ಟವಾಗಿರಬೇಕು, ಗ್ರಾಹಕನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬ ಮಾತು ಅದೇ ಸೂಚನೆಯಲ್ಲಿದೆ. ಅಂಕಣಕಾರನ ತಾಯಿಯವರು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು, ಆದರೆ ಇಂಗ್ಲಿಷ್ ಓದುವ ಅಭ್ಯಾಸವಿಲ್ಲದವರು. ಅವರು ಕೇಳುವ ಭಕ್ತಿಗೀತೆಗಳ ಆಪ್‌ಗೆ ಸಂಬಂಧಿಸಿದ ಬ್ಯಾಂಕಿನ ಸಂದೇಶ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ, ಇಪ್ಪತ್ತನಾಲ್ಕು ಗಂಟೆ ಮುಂಚೆಯೇ ಬರುತ್ತದೆ, ಪೂರ್ತಿ ಇಂಗ್ಲಿಷಿನಲ್ಲಿ ಬರುತ್ತದೆ. ಅದರಲ್ಲಿ ಆಪ್‌ನ ಹೆಸರೂ ಇರುವುದಿಲ್ಲ. ಅದರ ಹಿಂದಿರುವ ಕಂಪನಿಯ ನೋಂದಾಯಿತ ಹೆಸರು, ಪ್ರೈವೇಟ್ ಲಿಮಿಟೆಡ್ ಎಂಬ ಬಾಲದ ಅರ್ಧ ಭಾಗದೊಂದಿಗೆ, ಒಂದು ಉದ್ದನೆಯ ಉಲ್ಲೇಖ ಸಂಖ್ಯೆಯ ಪಕ್ಕದಲ್ಲಿರುತ್ತದೆ. ಪದವೀಧರನಿಗೂ ಅದು ಯಾರ ಬಾಬತ್ತು ಎಂದು ತಿಳಿಯದಿರುವಾಗ, ಸಾಲದ ಆಮಿಷದ ಸಂದೇಶಗಳ ನಡುವೆ ಇದೂ ಒಂದೆಂದು ಅವರು ಅಳಿಸಿಹಾಕಿದರೆ ಅದರಲ್ಲಿ ಅಚ್ಚರಿಯಿಲ್ಲ. ಅದೇ ಬ್ಯಾಂಕಿನ ಎಟಿಎಂ ಯಂತ್ರ ಕನ್ನಡದಲ್ಲಿ ವ್ಯವಹರಿಸುತ್ತದೆ, ಶಾಖೆಯ ಹಣ ಕಟ್ಟುವ ಚೀಟಿಯಲ್ಲಿ ಕನ್ನಡವಿದೆ. ಭಾಷೆ ಆಯ್ದುಕೊಳ್ಳುವ ಅವಕಾಶ ನಿಂತುಹೋಗುವುದು ಹಣ ಹೊರಗೆ ಹೋಗುವುದನ್ನು ತಿಳಿಸುವ ಸಂದೇಶದ ಹತ್ತಿರ ಬಂದಾಗ.

ಇನ್ನೊಂದು ಕಡೆಯಿಂದ ಗ್ರಾಹಕ ಕಾನೂನು ಈ ವ್ಯವಹಾರವನ್ನು ಹಿಡಿಯಲು ಹೊರಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಬಳಕೆದಾರನನ್ನು ದಾರಿತಪ್ಪಿಸಿ ಅವನು ಬಯಸದ ನಿರ್ಧಾರಕ್ಕೆ ತಳ್ಳುವ ಪರದೆಯ ವಿನ್ಯಾಸಗಳನ್ನು, ನಿಷೇಧಿಸುವ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಹೆಸರಿಸಿರುವ 13 ಬಗೆಗಳಲ್ಲಿ ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಹಂತಹಂತವಾಗಿ ಬಯಲುಮಾಡುವುದು ಮುಂತಾದವು ಎಲ್ಲರಿಗೂ ಪರಿಚಿತ. ಇಲ್ಲಿ ಮುಖ್ಯವಾದದ್ದು ಚಂದಾ ಬಲೆ. ರದ್ದತಿಯನ್ನು ಅಸಾಧ್ಯ ಅಥವಾ ಜಟಿಲವಾಗಿಸುವುದು, ರದ್ದತಿಯ ಗುಂಡಿಯನ್ನು ಬಚ್ಚಿಡುವುದು ಮಾತ್ರವಲ್ಲದೆ, ಉಚಿತ ಚಂದಾಕ್ಕಾಗಿ ಪಾವತಿಯ ವಿವರವನ್ನೋ ಸ್ವಯಂ ಕಡಿತದ ಅನುಮತಿಯನ್ನೋ ಬಲವಂತವಾಗಿ ಪಡೆಯುವುದೂ ಬಲೆಯೇ ಎಂದು ಮಾರ್ಗಸೂಚಿ ಹೇಳುತ್ತದೆ. ಉಚಿತದ ಬದಲು ಒಂದು ರೂಪಾಯಿ ಕೇಳುವುದರ ಜಾಣತನ ಈಗ ಅರ್ಥವಾಗುತ್ತದೆ: ಒಂದು ರೂಪಾಯಿ ಪಡೆದ ಮೇಲೆ ಅದು ಉಚಿತವಲ್ಲ ಎಂದು ವಾದಿಸಲು ದಾರಿಯಾಗುತ್ತದೆ. 2025ರ ಜೂನ್‌ನಲ್ಲಿ ಪ್ರಾಧಿಕಾರ ಇ-ವಾಣಿಜ್ಯ ಸಂಸ್ಥೆಗಳಿಗೆ ಮೂರು ತಿಂಗಳೊಳಗೆ ತಮ್ಮ ಪರದೆಗಳನ್ನು ತಾವೇ ತಪಾಸಣೆ ಮಾಡಿಕೊಳ್ಳುವಂತೆ ಸಲಹೆ ಕೊಟ್ಟಿತು. ಬಲೆ ಹೆಣೆದವರ ಕೈಗೇ ಕಣ್ಣಿಗಳನ್ನು ಎಣಿಸುವ ಕೆಲಸ ವಹಿಸಿದಂತಾಯಿತಲ್ಲದೆ ಬೇರೇನಲ್ಲ.

ದಂಡದ ಬಲವಿದ್ದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಒಂದು ನಿದರ್ಶನವಿದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಅಮೆಜಾನ್ ವಿರುದ್ಧ ಹೂಡಿದ ಮೊಕದ್ದಮೆಯ ಪ್ರಕಾರ, ಪ್ರೈಮ್ ಸದಸ್ಯತ್ವ ರದ್ದುಮಾಡುವ ಹಾದಿಗೆ ಕಂಪನಿಯೊಳಗೆ ಇಟ್ಟಿದ್ದ ಹೆಸರು ಇಲಿಯಡ್, ಹೋಮರನ ಆ ಸುದೀರ್ಘ ಯುದ್ಧಕಾವ್ಯದ್ದು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 250 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಿಸಲೆಂದೇ ಮೀಸಲು. ಅದೇ ಆಯೋಗ, ಸೇರಿದಷ್ಟೇ ಸುಲಭವಾಗಿ ಬಿಡುವಂತಿರಬೇಕು ಎಂದು ರೂಪಿಸಿದ್ದ ನಿಯಮವನ್ನು ಮೇಲ್ಮನವಿ ನ್ಯಾಯಾಲಯ 2025ರ ಜುಲೈನಲ್ಲಿ ಕಾರ್ಯವಿಧಾನದ ಲೋಪದ ಕಾರಣಕ್ಕೆ ರದ್ದುಮಾಡಿತು ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಭಾರತದ ಗ್ರಾಹಕನಿಗೆ ವೈಯಕ್ತಿಕ ಪರಿಹಾರದ ಹಾದಿ ಮುಚ್ಚಿಲ್ಲ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸಲು ಶುಲ್ಕವಿಲ್ಲ, 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಆದರೆ 199 ರೂಪಾಯಿಗಾಗಿ ಅರ್ಧ ದಿನದ ಸಂಬಳ ಬಿಟ್ಟು ಆಯೋಗದ ಮೆಟ್ಟಿಲು ಹತ್ತುವವರು ಯಾರು? ಹಾಗೆಂದು ವರ್ಷಕ್ಕೆ ಅದು 2,388 ರೂಪಾಯಿ. ಅಂಥ ನಾಲ್ಕು ಆಪ್‌ಗಳಿದ್ದರೆ ಹತ್ತು ಸಾವಿರದ ಹತ್ತಿರ ಬರುತ್ತದೆ, ಮಧ್ಯಮ ವರ್ಗದ ಮನೆಯೊಂದರ ಗ್ಯಾಸ್ ಸಿಲಿಂಡರಿನ ವಾರ್ಷಿಕ ಖರ್ಚಿಗೆ ಸರಿದೂಗುವ ಹಣ. ಚಂದಾದ ದರ ನಿಗದಿಯಾಗುವುದು ಸೇವೆಯ ಬೆಲೆಯಿಂದಲ್ಲ, ಜಗಳಕ್ಕೆ ಯೋಗ್ಯವಲ್ಲದ ಮೊತ್ತ ಯಾವುದು ಎಂಬ ಎಣಿಕೆಯಿಂದ ಎಂದು ಈ ಅಂಕಣಕಾರನಿಗೆ ಬಹಳ ದಿನಗಳಿಂದ ಗುಮಾನಿ.

ಬ್ಯಾಂಕಿನ ಕಡೆಯಿಂದ ಪರಿಹಾರ ಕೇಳುವಾಗಲೂ ಒಂದು ತೊಡಕಿದೆ. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ಹೊರಗಿನವರಿಂದಾದ ಅನಧಿಕೃತ ವಹಿವಾಟನ್ನು ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲ. ಆದರೆ ಮ್ಯಾಂಡೇಟಿಗೆ ಪಿನ್ ಒತ್ತಿದವನು ಗ್ರಾಹಕನೇ ಆದ್ದರಿಂದ, ಪರದೆಯಲ್ಲಿ ಏನನ್ನು ಬಚ್ಚಿಟ್ಟಿದ್ದರೂ ಕಡಿತ ಅಧಿಕೃತವೆಂದೇ ಬ್ಯಾಂಕಿನ ಉತ್ತರ ಬರುತ್ತದೆ. ಗರಿಷ್ಠ ಮೊತ್ತದ ಜಾಗ ಖಾಲಿಯಾಗಿದ್ದು ಗ್ರಾಹಕನೇ ಅಂಕಿ ತುಂಬುವಂತಿದ್ದರೆ, ಆ ಅಂಕಿ ಮೊದಲ ಪಾವತಿಯಷ್ಟೇ ದಪ್ಪ ಅಕ್ಷರದಲ್ಲಿದ್ದರೆ ಈ ತೊಡಕಿನ ಬಹುಪಾಲು ಕಳಚಿಬೀಳುತ್ತದೆ; ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ, ಈಗಿರುವ ಸೂಚನೆಯನ್ನು ಯುಪಿಐ ಆಪ್‌ಗಳ ಪರದೆಗೆ ಇಳಿಸಿದರೆ ಸಾಕು.

ಅಲ್ಲಿಯವರೆಗೆ ಗ್ರಾಹಕನಿಗೆ ಇರುವ ಗಟ್ಟಿ ಆಸರೆ ರದ್ದತಿಯನ್ನು ಮಾರುವವನ ಬಳಿ ಬೇಡದೆ ಪಾವತಿಯ ಕಡೆಯಿಂದಲೇ ಮಾಡುವುದು. ಆಪನ್ನು ಫೋನಿನಿಂದ ತೆಗೆದುಹಾಕಿದರೆ ಮ್ಯಾಂಡೇಟ್ ರದ್ದಾಗುವುದಿಲ್ಲ. ಯುಪಿಐ ಆಪ್‌ನ ಆಟೊಪೇ ಪುಟದಲ್ಲಿ, ಕಾರ್ಡಿನದಾದರೆ ಬ್ಯಾಂಕ್ ಒದಗಿಸಿರುವ ಮ್ಯಾಂಡೇಟ್ ನಿರ್ವಹಣೆಯ ಪುಟದಲ್ಲಿ, ಅದನ್ನು ಹುಡುಕಿ ರದ್ದುಮಾಡಬೇಕು. ಒಂದಕ್ಕಿಂತ ಹೆಚ್ಚು ಯುಪಿಐ ಆಪ್ ಬಳಸುವವರು ಪ್ರತಿಯೊಂದರಲ್ಲೂ ನೋಡುವುದು ಒಳಿತು. ಹಣ ಕಡಿತವಾಗಿಯೂ ಮುನ್ಸೂಚನೆಯ ಸಂದೇಶ ಬಂದಿರದಿದ್ದರೆ ಅದು ಮಾರಾಟಗಾರನ ಜಾಣ್ಮೆಯ ಪ್ರಶ್ನೆಯಾಗಿ ಉಳಿಯದೆ ಬ್ಯಾಂಕಿನ ಸೇವಾ ಲೋಪದ ಪ್ರಶ್ನೆಯಾಗುತ್ತದೆ. ಆಗ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, 30 ದಿನಗಳೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಶುಲ್ಕವಿಲ್ಲದೆ, ಆನ್‌ಲೈನಿನಲ್ಲಿಯೇ ದೂರು ಸಲ್ಲಿಸಬಹುದು.