ಮಣ್ಣಿಗೆ ಜೀವವಿದೆಯೆ?

ಪಾಲಬಾವಿಯ ಸುತ್ತಿನ ಕಬ್ಬಿನ ಸೀಮೆಯಲ್ಲಿ ಎರಡು ಒಣ ಹೆಂಟೆಗಳನ್ನು ಆಯ್ದುಕೊಳ್ಳೋಣ: ಒಂದು ಪದೇಪದೇ ಉತ್ತ ಹೊಲದ್ದು, ಇನ್ನೊಂದು ಅದೇ ಹೊಲದ ಹುಲ್ಲು ಬೆಳೆದ ಬದುವಿನದು. ಅವುಗಳನ್ನು ನೀರಿನಲ್ಲಿ ಮೆಲ್ಲನೆ ಇಳಿಬಿಟ್ಟರೆ, ಸಾಮಾನ್ಯವಾಗಿ ಮೊದಲನೆಯದು ಕೆಲವೇ ನಿಮಿಷಗಳಲ್ಲಿ ಕುಸಿಯುತ್ತದೆ. ಎರಡನೆಯದು ಬಹುಹೊತ್ತು ನಿಲ್ಲುತ್ತದೆ. ಇದೇಕೆ?

ಕೇಶಾಕರ್ಷಣೆಯಿಂದ ನೀರು ಒಣ ರಂಧ್ರಗಳಿಗೆ ನುಗ್ಗಿದಾಗ, ಒಳಗೆ ಸಿಕ್ಕಿದ ಗಾಳಿಯ ಒತ್ತಡವು ಹೆಂಟೆಯನ್ನು ಸೀಳುತ್ತದೆ. ಬದುವಿನ ಮಣ್ಣಿನಲ್ಲಾದರೋ ಶಿಲೀಂಧ್ರಗಳ ಎಳೆಗಳೂ ಬ್ಯಾಕ್ಟೀರಿಯಗಳ ಅಂಟೂ ಕಣಗಳನ್ನು ಬಿಗಿಹಿಡಿದಿರುತ್ತವೆ. ಕುಸಿದ ಮಣ್ಣಿನ ರಂಧ್ರಗಳು ಮುಚ್ಚಿ ಬೇರುಗಳಿಗೆ ಗಾಳಿಯೇ ದುರ್ಲಭವಾಗುತ್ತದೆ. ರಸಗೊಬ್ಬರದಿಂದ ಈ ಕೊರತೆ ನೀಗದು.

ಮನೆಯ ಕುಂಡದಲ್ಲಿಯೂ ಈ ಅಂಟನ್ನು ನಾವು ಬೆಳೆಸಬಹುದು. ಮಣ್ಣಿಗೆ ಕಳಿತ ತಿಪ್ಪೆಗೊಬ್ಬರ ಬೆರೆಸಿ ಸೆಣಬನ್ನು ಬಿತ್ತಿ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಮಣ್ಣಿಗೇ ಸೇರಿಸಬೇಕು. ಅದರ ಬೇರುಗಂಟುಗಳ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಮೇಲೆ ಕಬ್ಬಿನ ರವದಿ ಹೊದಿಸಿ ತೇವ ಕಾಯ್ದು, ಎರಡು ಮೂರು ವಾರಗಳ ಬಳಿಕ ಬದನೆಯ ಸಸಿ ನೆಡೋಣ. ಬೆಳೆ ಮುಗಿದಾಗ ಕುಂಡದ ಹೆಂಟೆಯನ್ನೂ ನೀರಿಗಿಳಿಸಿ ಪರೀಕ್ಷಿಸೋಣ.