ಕುರಿಗಳ ಗೊರಸು ಕೊಳೆ ರೋಗವೂ ಅದರ ನಿವಾರಣೆಯೂ
ಸಿಂಧನೂರು ಸೀಮೆಯ ಹಿಡುವಳಿದಾರರ ಮತ್ತು ಗ್ರಾಮಪ್ರಮುಖರ ಉಪಯೋಗಾರ್ಥ

ಭತ್ತದ ಕೊಯಿಲು ಮುಗಿದೊಡನೆ ಸಿಂಧನೂರು ಸೀಮೆಯ ಗದ್ದೆಗಳಿಗೆ ಕುರಿಹಿಂಡುಗಳು ಬಂದಿಳಿಯುವುದು ವಾಡಿಕೆಯಾಗಿದೆ. ಹಿಡುವಳಿದಾರನು ತನ್ನ ಭೂಮಿಯಲ್ಲಿ ಇಷ್ಟು ರಾತ್ರಿ ಹಿಂಡನ್ನು ತರುಬಬೇಕೆಂದು ಕುರಿಗಾರನೊಡನೆ ಮಾತಾಡಿಕೊಂಡು, ಕಾಳನ್ನಾಗಲಿ ಹಣವನ್ನಾಗಲಿ ಕೊಟ್ಟು, ಹಿಕ್ಕೆ ಮತ್ತು ಗಂಜಲದ ಗೊಬ್ಬರವನ್ನು ಪಡೆಯುವನು. ಇದು ಉಭಯರಿಗೂ ಲಾಭಕರವಾದ ಪದ್ಧತಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ನೀರು ಪೂರ್ತಿಯಾಗಿ ಬಸಿಯದ ಎರೆಯ ಗದ್ದೆಯಲ್ಲಿ ಹಿಂಡನ್ನು ರಾತ್ರಿಯ ಮೇಲೆ ರಾತ್ರಿ ನಿಲ್ಲಿಸಿದಲ್ಲಿ, ಗೊಬ್ಬರವು ಹಿಡುವಳಿದಾರನ ಪಾಲಿಗೂ ಕುಂಟುವ ಕುರಿಗಳು ಕುರಿಗಾರನ ಪಾಲಿಗೂ ಉಳಿಯುವುವು. ಈ ಕುಂಟಿಗೆ ಬಹುಮಟ್ಟಿಗೆ ಕಾರಣವಾಗಬಲ್ಲುದು ಗೊರಸು ಕೊಳೆ ರೋಗ.

ಹಿಂದೆ ಈ ಸೀಮೆಯು ಮಳೆಯನ್ನೇ ನಂಬಿ ಜೋಳವನ್ನೂ ಹತ್ತಿಯನ್ನೂ ಬೆಳೆಯುವ ಎರೆನಾಡಾಗಿದ್ದಿತು. ಆಗ ನೆಲವು ಕೆಸರಾಗಿರುತ್ತಿದ್ದುದು ಮಳೆಗಾಲದಲ್ಲಿ ಮಾತ್ರ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರನ್ನು ಕಾಲುವೆಗಳಿಗೆ ಬಿಟ್ಟ ಬಳಿಕ, ಎಡದಂಡೆ ಕಾಲುವೆಯ ಕೆಳಗಣ ಭೂಮಿಗಳು ಕ್ರಮಕ್ರಮವಾಗಿ ಭತ್ತದ ಗದ್ದೆಗಳಾದುವು. ಮನುಷ್ಯನಿಗೆ ಇದರಿಂದ ಅನ್ನವು ದೊರೆಯಿತು. ಒಣನೆಲಕ್ಕೆ ಒಗ್ಗಿದ ಕುರಿಯ ಕಾಲಿಗಾದರೋ ವರ್ಷದಲ್ಲಿ ಹಸಿಯ ತಿಂಗಳುಗಳು ಹೆಚ್ಚಾದುವು.

ಕೆಸರೇ ಈ ರೋಗವನ್ನು ಹುಟ್ಟಿಸುವುದೆಂದು ಅನೇಕರು ತಿಳಿದಿರುವರು. ಇದು ಅರ್ಧ ಸತ್ಯ ಮಾತ್ರ. ಕೆಸರು ಗೊರಸುಗಳ ಸಂದಿನ ಚರ್ಮವನ್ನು ನೆನೆಯಿಸಿ ಬಾಗಿಲನ್ನು ತೆರೆಯುವುದು. ಒಳಹೊಗುವುದು ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ. ಡೈಕೆಲೋಬ್ಯಾಕ್ಟರ್ ನೊಡೋಸಸ್ ಎಂದು ಈಗ ಕರೆಯಲ್ಪಡುವ ಈ ಜೀವಿಯೇ ರೋಗಕ್ಕೆ ಮೂಲವೆಂಬುದನ್ನು ಆಸ್ಟ್ರೇಲಿಯಾದ ಬೆವರಿಜ್ ಎಂಬ ವಿದ್ವಾಂಸರು 1941ರಲ್ಲಿ ತೋರಿಸಿಕೊಟ್ಟರು. ರೈತನಿಗೆ ಇದರಲ್ಲಿ ಅತಿಮುಖ್ಯವಾದ ಸಂಗತಿಯೊಂದಿದೆ. ಈ ಜೀವಿಯು ನೆಲದ ಮೇಲೆ ಸಾಮಾನ್ಯವಾಗಿ ಎರಡು ವಾರಗಳಿಗೆ ಮೀರಿ ಬದುಕಲಾರದು; ರೋಗಪೀಡಿತ ಕುರಿಯ ಗೊರಸಿನ ಬಿರುಕಿನಲ್ಲಾದರೋ ತಿಂಗಳುಗಟ್ಟಲೆ ಅಡಗಿರಬಲ್ಲುದು. ಆದುದರಿಂದ ರೋಗದ ಮನೆಯು ಗದ್ದೆಯಲ್ಲ, ಕುಂಟುವ ಕುರಿಯ ಕಾಲು. ಒಂದು ಕುರಿಯನ್ನು ಕುಂಟುತ್ತಲೇ ಹಿಂಡಿನಲ್ಲಿ ಬಿಟ್ಟವನು ಉಳಿದ ಕುರಿಗಳ ಕಾಲಿಗೆ ದಿನದಿನವೂ ರೋಗವನ್ನು ಬಿತ್ತಿದಂತೆ ಆಗುವುದು.

ಮೊದಲಲ್ಲಿ ಗೊರಸುಗಳ ನಡುವಣ ಚರ್ಮವು ಕೆಂಪಾಗಿ, ತೇವಗೊಂಡು, ಕೂದಲುದುರಿ, ಮೇಲೆ ಬೂದುಬಿಳುಪಿನ ಲೋಳೆ ಕಟ್ಟುವುದು. ಕುರಿಯು ಆಗಾಗ ಕಾಲನ್ನೆತ್ತಿ ನಿಲ್ಲುವುದು. ಉಪೇಕ್ಷಿಸಿದಲ್ಲಿ ಹಿಮ್ಮಡಿಯ ಒಳಬದಿಯಿಂದ ಗೊರಸಿನ ಚಿಪ್ಪು ಒಳಗಿನ ಮಾಂಸವನ್ನು ಬಿಟ್ಟು ಏಳತೊಡಗಿ, ಸಂದಿನಿಂದ ಒಂದು ಬಗೆಯ ಕೆಟ್ಟ ನಾತವು ಹೊರಡುವುದು. ಈ ನಾತವನ್ನು ಒಮ್ಮೆ ಮೂಸಿದವನು ಮರಳಿ ಮರೆಯಲಾರನು. ಅನುಭವಿಗಳಾದ ಕುರಿಗಾರರು ಕಾಲನ್ನು ನೋಡುವುದಕ್ಕೆ ಮೊದಲೇ ಮೂಗಿನಿಂದ ರೋಗವನ್ನು ಹೇಳಬಲ್ಲರು. ಎರಡು ಮುಂಗಾಲುಗಳೂ ಕೆಟ್ಟರೆ ಕುರಿಯು ಮೊಣಕಾಲೂರಿ ಮೇಯುವುದು. ಹಾಗೆ ಮೇಯುವ ಕುರಿಗೆ ಹೊಟ್ಟೆ ತುಂಬದು, ಹಾಲು ಇಳಿಯದು, ಮರಿಯು ಸೊರಗುವುದು. ಹಿಂಗಾಲು ಕೆಟ್ಟ ಟಗರು ಕುರಿಗಳನ್ನು ಹಾರಲಾರದಾಗಿ, ಮುಂದಿನ ವರ್ಷದ ಮರಿಗಳಿಗೇ ಹಾನಿ ತಗಲುವುದು. ಹುಣ್ಣಿಗೆ ನೊಣ ಕುಳಿತು ಹುಳು ಬೀಳುವುದೂ ಉಂಟು.

ಕುಂಟುವ ಕುರಿಗೆಲ್ಲ ಇದೇ ರೋಗವೆಂದು ಭಾವಿಸಕೂಡದು. ಕಾಲುವೆಯ ದಂಡೆಗಳಲ್ಲಿಯೂ ಬೀಳು ನೆಲದಲ್ಲಿಯೂ ಹಬ್ಬಿರುವ ಬಳ್ಳಾರಿ ಜಾಲಿಯ ಮುಳ್ಳು ನಟ್ಟರೂ ಕುರಿಯು ಕುಂಟುವುದು. ಅದು ಒಂದೇ ಕಾಲಿನ ಮಾತು, ಮುಳ್ಳನ್ನು ತೆಗೆದರೆ ಮುಗಿಯಿತು. ಒಮ್ಮೆಲೇ ಅನೇಕ ಕುರಿಗಳು ಜ್ವರದೊಡನೆ ಕುಂಟಿ, ಬಾಯಲ್ಲಿ ಗುಳ್ಳೆಗಳೆದ್ದು, ಊರ ದನಗಳೂ ಜೊಲ್ಲು ಸುರಿಸುತ್ತಿದ್ದರೆ ಅದು ಕಾಲುಬಾಯಿ ರೋಗವಿರಬಹುದು. ಮುಖ, ತುಟಿಗಳು ಬಾತು, ಮೂಗಿನಿಂದ ಸಿಂಬಳ ಸುರಿದು, ಗೊರಸಿನ ಮೇಲಂಚು ಕೆಂಪೇರಿದ್ದರೆ ನೀಲಿನಾಲಿಗೆ ರೋಗವೆಂದು ಶಂಕಿಸತಕ್ಕದ್ದು. ಇದು ಕಾಲಿನಿಂದ ಕಾಲಿಗೆ ಅಂಟುವುದಲ್ಲ, ಮಳೆಗಾಲದ ಸಣ್ಣ ನುಸಿಗಳು ಕಚ್ಚಿ ಹರಡುವುದು. ಇವೆರಡರಲ್ಲಿಯೂ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಪಶುವೈದ್ಯರಿಗೆ ಆ ದಿನವೇ ತಿಳಿಸತಕ್ಕದ್ದು.

ಚಿಕಿತ್ಸೆಯಲ್ಲಿ ಮೊದಲನೆಯ ಕಾರ್ಯವು ಬೇರ್ಪಡಿಸುವುದು. ಕುಂಟುವುದು ಕಂಡ ದಿನವೇ ಕುರಿಯನ್ನು ಹಿಂಡಿನಿಂದ ತೆಗೆದು ಒಣನೆಲದ ಬೇರೆ ದೊಡ್ಡಿಯಲ್ಲಿಡಬೇಕು. ಬಳಿಕ ಕಾಲನ್ನು ತೊಳೆದು ನೋಡಬೇಕು. ಇಲ್ಲಿ ರೂಢಿಯಲ್ಲಿರುವ ಒಂದು ತಪ್ಪನ್ನು ಹೇಳಲೇಬೇಕಾಗಿದೆ. ಕೊಳೆತ ಭಾಗವನ್ನೆಲ್ಲ ಕೆತ್ತಿ ತೆಗೆದರೆ ರೋಗವು ಹೋಗುವುದೆಂದು ನಂಬಿ, ಹರಿತವಾದ ಚೂರಿಯಿಂದ ರಕ್ತ ಬರುವವರೆಗೂ ಗೊರಸನ್ನು ಕತ್ತರಿಸುವುದುಂಟು. ಬೇರೆ ದೇಶಗಳ ಪಶುವೈದ್ಯ ಗ್ರಂಥಗಳೂ ಬಹುಕಾಲ ಧಾರಾಳವಾಗಿ ಕೆತ್ತುವುದನ್ನೇ ಹೇಳುತ್ತಿದ್ದುವಾದುದರಿಂದ ಕುರಿಗಾರರನ್ನು ಮಾತ್ರ ದೂರುವುದು ನ್ಯಾಯವಲ್ಲ. ಆದರೆ ಇಂಗ್ಲೆಂಡಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗೊರಸನ್ನು ಕೆತ್ತದೆ ಔಷಧದ ಸೂಜಿ ಮತ್ತು ಮೇಲ್ಸಿಂಪಡಣೆಯಿಂದ ಉಪಚರಿಸಿದ ಕುರಿಗಳು ಕೆತ್ತಿದ ಕುರಿಗಳಿಗಿಂತ ಬೇಗನೆ ಗುಣಹೊಂದಿದುವು. ಕೆತ್ತಿದ ಗಾಯವು ಹೊಸ ಬಾಗಿಲಾಗುವುದಲ್ಲದೆ, ಒಂದೇ ಚೂರಿಯು ರೋಗವನ್ನು ಕಾಲಿಂದ ಕಾಲಿಗೆ ಒಯ್ಯುವುದು. ಆದಕಾರಣ ಗುಣವಾಗುವ ಮೊದಲು ಗೊರಸನ್ನು ಕತ್ತರಿಸಕೂಡದು. ವಾಸಿಯಾದ ಮೇಲೆ ಗೊರಸು ಅಡ್ಡಾದಿಡ್ಡಿಯಾಗಿ ಬೆಳೆದಿದ್ದಲ್ಲಿ ತುದಿಯನ್ನು ಮಾತ್ರ ಸರಿಪಡಿಸಬಹುದು.

ಸೂಜಿಮದ್ದಾಗಿ ದೀರ್ಘಕಾಲ ಕೆಲಸಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಎಂಬುದನ್ನು ಪಶುವೈದ್ಯರು ಕುರಿಯ ತೂಕವನ್ನು ನೋಡಿ ಕೊಡುವರು. ಅಂಗಡಿಯಿಂದ ತಂದು ಅಂದಾಜಿನ ಮೇಲೆ ಚುಚ್ಚುವುದು ಸರ್ವಥಾ ಸಲ್ಲದು. ಸೂಜಿ ಹಾಕಿದ ಕುರಿಯನ್ನು ವೈದ್ಯರು ಹೇಳಿದಷ್ಟು ದಿನಗಳು ಕಳೆಯುವವರೆಗೆ ಮಾಂಸಕ್ಕಾಗಿ ಮಾರಕೂಡದು.

ಹಿಂಡಿಗೆಲ್ಲ ಕಾಲುಸ್ನಾನ ಮಾಡಿಸುವುದು ಎರಡನೆಯ ಉಪಾಯ. ಅಂಗಡಿಗಳಲ್ಲಿ ಜಿಂಕ್ ಸಲ್ಫೇಟ್ ಎಂದು ಮಾರುವ ಸತುವಿನ ಉಪ್ಪು ಭತ್ತ ಬೆಳೆಯುವವರಿಗೆ ಹೊಸತಲ್ಲ. ಗದ್ದೆಗೆ ಎರಚುವ ಆ ಉಪ್ಪೇ ಇಲ್ಲಿಗೂ ಬರುವುದು. 10 ಲೀಟರು ನೀರಿಗೆ 1 ಕಿಲೋಗ್ರಾಂ ಕರಗಿಸಿ, ಗೊರಸು ಮುಳುಗುವಷ್ಟು ಆಳಕ್ಕೆ ತೊಟ್ಟಿಯಲ್ಲಿ ತುಂಬಿ, ಕೆಸರು ತೊಳೆದ ಕಾಲುಗಳಿಂದ ಕುರಿಗಳನ್ನು ಅದರಲ್ಲಿ 15 ನಿಮಿಷಗಳಾದರೂ ನಿಲ್ಲಿಸಬೇಕು. ಸುಮ್ಮನೆ ನಡೆಸಿಕೊಂಡು ಹೋಗುವುದರಿಂದ ಪ್ರಯೋಜನವು ಅಲ್ಪ. ಮುಂಚಿತವಾಗಿ ಕುರಿಗಳಿಗೆ ಹೊಟ್ಟೆತುಂಬ ನೀರು ಕುಡಿಸಿದ್ದರೆ ಅವು ತೊಟ್ಟಿಗೆ ಬಾಯಿ ಹಾಕವು. ಹೊರಬಂದ ಕುರಿಗಳನ್ನು ಗೊರಸು ಆರುವವರೆಗೆ, ಒಂದು ಗಂಟೆಯಷ್ಟು ಕಾಲ, ಒಣಗಿದ ಗಟ್ಟಿನೆಲದಲ್ಲಿ ನಿಲ್ಲಿಸಬೇಕು. ವಾರಕ್ಕೊಮ್ಮೆ ಹೀಗೆ ಮೂರು ನಾಲ್ಕು ವಾರ ನಡೆಸತಕ್ಕದ್ದು. ಕೆಲವರು ಮೈಲುತುತ್ತವನ್ನು ಉಪಯೋಗಿಸುವರು. ಅದೂ ಗುಣಕಾರಿಯೇ, ಆದರೆ ತಾಮ್ರವು ಕುರಿಗೆ ವಿಷವಾದುದರಿಂದ ಆ ನೀರನ್ನು ಕುಡಿದರೆ ಸಾಯುವ ಭಯವುಂಟು. ಸತುವಿನ ಉಪ್ಪು ದೊರೆಯುವ ಕಡೆ ಮೈಲುತುತ್ತದ ಗೊಡವೆಗೆ ಹೋಗದಿರುವುದೇ ಲೇಸು.

ರೋಗವನ್ನು ಬೇರುಸಹಿತ ಕೀಳುವುದಕ್ಕೆ ಯೋಗ್ಯವಾದ ಕಾಲವು ಮಳೆಗಾಲವಲ್ಲ, ಬೇಸಿಗೆ. ನೆಲವು ಕಾದು ಒಣಗಿರುವಾಗ ರೋಗವು ಹರಡಲಾರದೆ ಕೆಲವೇ ಕುರಿಗಳ ಗೊರಸಿನಲ್ಲಿ ಅಡಗಿ ಕುಳಿತಿರುವುದು. ಆಗ ಕುಂಟು ಕಾಣದುದರಿಂದ ಯಾರೂ ಗಮನಿಸುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಪ್ರತಿಯೊಂದು ಕುರಿಯ ನಾಲ್ಕೂ ಕಾಲುಗಳನ್ನು ಎತ್ತಿ ನೋಡಿ, ಬಿರುಕು, ಟೊಳ್ಳು, ನಾತ ಇರುವುವನ್ನು ಬೇರ್ಪಡಿಸಿ ಉಪಚರಿಸಬೇಕು. ಎರಡು ಸಲ ಉಪಚರಿಸಿದರೂ ವಾಸಿಯಾಗದುದನ್ನು ಹಿಂಡಿನಲ್ಲಿ ಇಟ್ಟುಕೊಳ್ಳದಿರುವುದು ಒಳ್ಳೆಯದು. ಸಂತೆಯಿಂದ ಹೊಸದಾಗಿ ತಂದ ಕುರಿಯನ್ನು ಕಾಲುಸ್ನಾನ ಮಾಡಿಸಿ, ಮೂರು ನಾಲ್ಕು ವಾರ ಬೇರೆಯಾಗಿಟ್ಟ ಮೇಲೆಯೇ ಹಿಂಡಿಗೆ ಸೇರಿಸತಕ್ಕದ್ದು.

ಇವೆಲ್ಲವೂ ಕುರಿಗಾರನೊಬ್ಬನಿಂದ ಆಗುವ ಕೆಲಸಗಳಲ್ಲ. ಊರೂರು ತಿರುಗುವ ಅವನಿಗೆ ಒಣನೆಲವೆಂಬುದು ಬೇರೆಯವರ ಕೈಯಲ್ಲಿರುವ ವಸ್ತು. ಹಿಂಡನ್ನು ಕರೆಸುವ ಹಿಡುವಳಿದಾರನು ಮೊದಲು ತನ್ನ ಗದ್ದೆಯಲ್ಲಿ ಹೆಜ್ಜೆಯಿಟ್ಟು ನೋಡಬೇಕು. ಹೆಜ್ಜೆಗುರುತಿನಲ್ಲಿ ನೀರು ಒಸರುವಂತಿದ್ದರೆ ಇನ್ನೂ ಕೆಲವು ದಿನ ಕಾಯಬೇಕು. ರಾತ್ರಿಯ ತರುಬನ್ನು ದಿನಕ್ಕೊಂದು ಜಾಗಕ್ಕೆ ಸರಿಸುತ್ತ ಹೋದರೆ ಗೊಬ್ಬರವೂ ಸಮನಾಗಿ ಬೀಳುವುದು, ಕುರಿಯೂ ತನ್ನ ಗಂಜಲದ ಕೆಸರಿನಲ್ಲಿ ನಿಲ್ಲದು. ಗ್ರಾಮದ ಹಿರಿಯರು ಗಾಯರಾಣದಲ್ಲಿ ಎತ್ತರವಾದ ಒಂದು ಮೊರಡಿಯನ್ನು ಕುಂಟುವ ಕುರಿಗಳಿಗೆಂದು ಬಿಟ್ಟುಕೊಡಬಹುದು. ಮಸ್ಕಿ, ಮುದಗಲ್ಲುಗಳ ಕಡೆ ಕಲ್ಲುಗುಡ್ಡದ ತಪ್ಪಲಿನ ಮಸಾರಿ ನೆಲಗಳಿರುವುದರಿಂದ ಅಲ್ಲಿನವರಿಗೆ ಇದು ಸುಲಭ. ಕಾಲುವೆಯ ಕೆಳಗಣ ಬಯಲಿನ ಗ್ರಾಮಗಳಲ್ಲಿ ಮರಳು, ಗರಸುಗಳನ್ನು ಹರಡಿ ಒಂದು ದಿಣ್ಣೆಯನ್ನು ಕಟ್ಟಿಕೊಳ್ಳಬೇಕಾಗುವುದು. ಕಾಲುಸ್ನಾನದ ತೊಟ್ಟಿಯೊಂದನ್ನು ಅದರ ಪಕ್ಕದಲ್ಲಿಯೇ ಸಿಮೆಂಟಿನಿಂದ ಕಟ್ಟಿಸಿದರೆ ಬಂದುಹೋಗುವ ಎಲ್ಲ ಹಿಂಡುಗಳಿಗೂ ಉಪಯೋಗವಾಗುವುದು. ಬಳಸಿ ಉಳಿದ ಔಷಧದ ನೀರನ್ನು ಕಾಲುವೆಗಾಗಲಿ ಕೆರೆಗಾಗಲಿ ಬಿಡದೆ, ಬಾವಿಗಳಿಗೆ ದೂರವಾದ ಬೀಳು ನೆಲದಲ್ಲಿ ಗುಂಡಿ ತೋಡಿ ಸುರಿಯತಕ್ಕದ್ದು.